ನಿಂತ ಬಂಡಿಯ ನಲವತ್ತು

ಬಂಡಿ ನಿಂತಲ್ಲೇ ನಿಂತಿತ್ತು. ಎಂಜಿನ್ ಆರಿ ತಣ್ಣಗಾಗಿತ್ತು, ಹಿಂದಿನ ಚಕ್ರಕ್ಕೆ ಇಟ್ಟಿಗೆ ಚೂರೊಂದು ಒತ್ತು ಕೊಟ್ಟಿತ್ತು. ಸ್ಪೀಡೋಮೀಟರಿನ ಮುಳ್ಳು ಮಾತ್ರ ನಲವತ್ತು ತೋರಿಸುತ್ತಿತ್ತು.

ಅವನು ಗಾಜಿನ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿದ. ಮುಳ್ಳು ಕದಲಲಿಲ್ಲ. ಇನ್ನೊಂದು ಸಲ, ಸ್ವಲ್ಪ ಸಿಟ್ಟಿನಿಂದಲೇ ತಟ್ಟಿದ. ಮುಳ್ಳು ನಲವತ್ತೆರಡಕ್ಕೆ ಹೋಗಿ ಕೂತಿತು.

"ಎಲ್ಲಿಗಪ್ಪಾ ಹೊರಟ ದೊಡ್ಡವನು, ಇಷ್ಟು ಜೋರಾಗಿ?" ಶೆಡ್ಡಿನ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈಯಲ್ಲಿ ಟೀ ಲೋಟ, ಮುಖದಲ್ಲಿ ನಗು ಇದೆಯೋ ಇಲ್ಲವೋ ಎಂದು ಹೇಳಲಾಗದ ಒಂದು ನಗು.

ದೊಡ್ಡವನು ಎಂದರೆ ಈ ಮೋಟಾರ್‌ಸೈಕಲ್ಲು. ಅವನು ಹುಟ್ಟುವ ಮುಂಚೆಯೇ ಮನೆಗೆ ಬಂದದ್ದರಿಂದ ಅಮ್ಮನ ಲೆಕ್ಕದಲ್ಲಿ ಅದು ಹಿರಿಮಗ. ಒಬ್ಬನೇ ಮಗನಾಗಿ ಹುಟ್ಟಿಯೂ ಅವನು ಚಿಕ್ಕವನು. ಹಿರಿಮಗನ ಬೆನ್ನೇರಿಯೇ ಅಮ್ಮ ನಿವೃತ್ತಿಯವರೆಗೆ ಕೆಲಸ ಮಾಡಿದ್ದಳು. ನೀರು ಸರಬರಾಜಿನ ಕಚೇರಿಯಲ್ಲಿ ಮೀಟರ್ ಓದುವ ಕೆಲಸ. ಊರಿನ ಓಣಿ ಓಣಿ ಸುತ್ತಿ, ಮನೆ ಮನೆಯ ಗೋಡೆಗೆ ಬಗ್ಗಿ, ಪಾಚಿ ಕಟ್ಟಿದ ಗಾಜನ್ನು ಸೆರಗಿನಿಂದ ಒರೆಸಿ ಅಂಕಿ ನೋಡಿ ಬಂದವಳು. ಮುಳ್ಳು, ಅಂಕಿಗಳ ವಿಷಯದಲ್ಲಿ ಅವಳ ಮುಂದೆ ಸುಳ್ಳು ನಡೆಯುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ಎಲ್ಲರೂ ಎಂದರೆ ಅವನು, ಅವನ ಹೆಂಡತಿ, ಮತ್ತು ಗೋಡೆಯ ಮೇಲಿನ ಫೋಟೋದಲ್ಲಿರುವ ಅಪ್ಪ.

"ಗ್ರೀಸು ಒಳಗೆ ಹೋಗಿದೆ ಅಮ್ಮ," ಅಂದ. "ಕೇಬಲ್ಲಿನ ಗ್ರೀಸು ತಿರುಗಿ ತಿರುಗಿ ಮೇಲೆ ಹತ್ತಿದೆ. ಮುಳ್ಳು ಅಂಟಿಕೊಂಡಿದೆ."

"ಅದಕ್ಕೆ ಗ್ರೀಸು ಅಷ್ಟು ಬಳಿದವರು ಯಾರು?"

ಟೀ ಲೋಟವನ್ನು ಬೆಂಚಿನ ಮೇಲಿಟ್ಟು ಅಮ್ಮ, "ಶನಿವಾರ ಬೆಳಗ್ಗೆ ತಪಾಸಣೆ. ನೆನಪಿದೆ ತಾನೇ?" ಎಂದು ಹೇಳಿ ಹೋದಳು.

ನೆನಪಿಲ್ಲದೆ ಏನು! ಆ ಶನಿವಾರ ಅವನ ಎದೆಯ ಮೇಲೆ ಕೂತಿತ್ತು. ಇಷ್ಟು ಹಳೆಯ ಬಂಡಿಗಳಿಗೆ ತಪಾಸಣೆ ಒಂದೇ ಸಲ. ಪಾಸಾದರೆ ರಸ್ತೆ, ಇಲ್ಲದಿದ್ದರೆ ಗುಜರಿ. ಬ್ರೇಕು, ದೀಪ, ಹಾರ್ನು ಎಲ್ಲ ಸರಿಯಿತ್ತು. ಹಳೆಯ ಸ್ಪೀಡೋಮೀಟರು ಮಾತ್ರ ಹೋದ ತಿಂಗಳು ಪ್ರಾಣ ಬಿಟ್ಟಿತ್ತು. ಮೀಟರ್ ಓಡದ ಬಂಡಿಯನ್ನು ಅಧಿಕಾರಿ ಕಣ್ಣೆತ್ತಿಯೂ ನೋಡುವುದಿಲ್ಲ. ಮೀಟರ್ ಸರಿಹೋಗದಿದ್ದರೆ ಅಮ್ಮನ ಸವಾರಿ ಅಲ್ಲಿಗೆ ಮುಗಿಯಿತು.

ಅವನೇನು ಕೈ ಬಾರದವನಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಅವನದು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಫ್ರೇಮಿನಲ್ಲಿ ಗಾಜು ಕೂರುವುದಿಲ್ಲ. ಅಂಥ ಕೆಲಸವನ್ನು ಇಷ್ಟು ವರ್ಷ ಮಾಡಿಕೊಂಡು ಬಂದವನಿಗೆ ಒಂದು ಮೀಟರ್ ಬದಲಾಯಿಸುವುದು ಯಾವ ದೊಡ್ಡ ವಿಷಯ ಎಂದು ಎಲ್ಲರೂ ಅಂದುಕೊಂಡಿದ್ದರು. ಮೊದಮೊದಲು ಅವನೂ ಅಂದುಕೊಂಡಿದ್ದ.

ಎಡವಟ್ಟು ಶುರುವಾದದ್ದು ಗುಜರಿ ಅಂಗಡಿಯಿಂದ. ಆ ಅಂಗಡಿಯವನನ್ನು ಎಲ್ಲರೂ 'ಸಿಕ್ಕುತ್ತೆ' ಎಂದೇ ಕರೆಯುತ್ತಿದ್ದರು. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದ ಮೊದಲ ಮಾತು ಅದೇ. ಆದರೆ ಕೇಳಿದ್ದೇ ಸಿಕ್ಕುತ್ತದೆ ಎಂದು ಅವನು ಯಾವತ್ತೂ ಹೇಳಿದವನಲ್ಲ.

"ಇದೇ ಕಂಪನಿಯದು ಇಲ್ವಾ?" ಎಂದು ಇವನು ಕೇಳಿದ್ದ.

"ಅಣ್ಣಾ, ಆ ಕಂಪನಿ ಬಾಗಿಲು ಹಾಕಿದಾಗ ನನಗಿನ್ನೂ ಮೀಸೆ ಬಂದಿರ್ಲಿಲ್ಲ. ಇದು ತಗೊಳ್ಳಿ, ಅದರ ದಾಯಾದಿ. ರೌಂಡು ಅದೇ, ಗಾಜು ಅದೇ. ಕೇಬಲ್ ಮಾತ್ರ ಸ್ವಲ್ಪ ಉದ್ದ ಬೇಕಾಗುತ್ತೆ."

"ಉದ್ದದ ಕೇಬಲ್?"

"ಸಿಕ್ಕುತ್ತೆ."

ಸಿಕ್ಕಿದ ಕೇಬಲ್ಲು ವಿಪರೀತ ಉದ್ದವಿತ್ತು. ಅಳೆದು ಕತ್ತರಿಸಿಕೊಳ್ಳಬೇಕು. ಹೊರಗೆ ಒಂದು ಕೊಳವೆ, ಅದರೊಳಗೆ ಹುರಿ ಹೊಸೆದಂಥ ಒಂದು ಉಕ್ಕಿನ ತಂತಿ. ಚಕ್ರ ತಿರುಗಿದರೆ ತಂತಿ ತಿರುಗುತ್ತದೆ, ತಂತಿ ತಿರುಗಿದರೆ ಮೇಲೆ ಮುಳ್ಳು ಏಳುತ್ತದೆ. ತಂತಿಯ ತುದಿಗೆ ಒಂದು ಚೌಕದ ಮೊಳೆ. ಅದು ಮೀಟರಿನ ಹೊಟ್ಟೆಯ ತೂತಿನಲ್ಲಿ ಕೂರಬೇಕು. ಅವನು ಅಳೆದ. ಮತ್ತೆ ಅಳೆದ. ಊಟ ಮಾಡಿ ಬಂದು ಇನ್ನೊಮ್ಮೆ ಅಳೆದ. ಕತ್ತರಿಸಿ, ಮೊಳೆಯನ್ನು ಬೆಸೆದು, ಕೊಳವೆಯೊಳಗೆ ತಂತಿ ತೂರಿಸಿ ಬಿಗಿದ.

ಮೊದಲ ಓಟದಲ್ಲೇ ಅದು ಬಾಲ ತುಳಿದ ಇಲಿಯಂತೆ ಕಿರುಚಿತು. ಮುಳ್ಳು ಸೊನ್ನೆಯಿಂದ ಎಂಬತ್ತಕ್ಕೆ ಹಾರಿ ಮತ್ತೆ ಸೊನ್ನೆಗೆ ಬಿದ್ದು ಭೂತ ಹಿಡಿದವರಂತೆ ಕುಣಿಯಿತು. ತಂತಿ ಒಣಗಿರಬೇಕು ಎಂದುಕೊಂಡು ಗ್ರೀಸು ಹಾಕಿದ. ಕಿರುಚಾಟ ಸಣ್ಣದಾಯಿತು. ಇನ್ನಷ್ಟು ಹಾಕಿದ. ಕಿರುಚಾಟ ನಿಂತಿತು. ಎರಡು ದಿನ ಮನಸ್ಸಿನಲ್ಲೇ ತನ್ನ ಬೆನ್ನು ತಾನೇ ತಟ್ಟಿಕೊಂಡ. ಆಮೇಲೆ ಈ ನಲವತ್ತು.

ಟೀ ಆರಿಹೋಯಿತು. ಅವನು ಮೀಟರನ್ನು ಬಿಚ್ಚಿ, ಗಾಜಿನ ಸುತ್ತಲಿನ ಹಿತ್ತಾಳೆಯ ಬಳೆಯನ್ನು ಇಂಚಿಂಚಾಗಿ ಸಡಿಲಿಸಿ ತೆಗೆದ. ಅಂಕಿಗಳ ಬಣ್ಣ ಎದ್ದುಹೋಗದಂತೆ ಉಸಿರು ಬಿಗಿಹಿಡಿದು, ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಮುಳ್ಳಿನ ಬುಡದ ಜಿಡ್ಡನ್ನು ಒರೆಸಿದ. ಸಂಜೆಯ ಹೊತ್ತಿಗೆ ಮುಳ್ಳು ಸೊನ್ನೆಗೆ ಇಳಿಯಿತು. ಮೀಟರನ್ನು ಮತ್ತೆ ಕೂರಿಸಲು ಹೆಡ್‌ಲೈಟಿನ ಬುರುಡೆ ಬಿಚ್ಚಬೇಕಾಯಿತು. ಅದರೊಳಗೆ ಹಾವಿನ ಮರಿಗಳಂತೆ ವೈರುಗಳು. ಎಲ್ಲ ಜೋಡಿಸಿ, ಎಂಜಿನ್ ಶುರುಮಾಡಿದ. ಅಮ್ಮ ಬಾಗಿಲಲ್ಲಿ ಬಂದು ನಿಂತವಳು ಸ್ಪೀಡೋಮೀಟರನ್ನು ನೋಡಲೇ ಇಲ್ಲ. ಅದರ ಪಕ್ಕದ ಪುಟ್ಟ ಮೀಟರಿನತ್ತ ಗದ್ದ ತೋರಿಸಿದಳು.

"ಅದೇನು, ಉಣ್ಣಬೇಕಾದ ಹೊತ್ತಲ್ಲಿ ಕಕ್ತಾ ಇದೆಯಲ್ಲೋ!"

ಬ್ಯಾಟರಿಗೆ ಕರೆಂಟು ಹೋಗುತ್ತಿದೆಯೋ ಬ್ಯಾಟರಿಯಿಂದ ಖರ್ಚಾಗುತ್ತಿದೆಯೋ ಎಂದು ತೋರಿಸುವ ಮೀಟರು ಅದು. ಎಂಜಿನ್ ವೇಗ ಏರಿಸಿದಷ್ಟೂ ಅದರ ಮುಳ್ಳು ಖರ್ಚಿನ ಕಡೆಗೆ ವಾಲುತ್ತಿತ್ತು. ಅವನ ಮುಖದ ನೀರಿಳಿಯಿತು. ಎರಡು ವೈರುಗಳನ್ನು ಅದಲುಬದಲು ಮಾಡಿ ಸಿಕ್ಕಿಸಿದ್ದ. ಮತ್ತೆ ಬುರುಡೆ ಬಿಚ್ಚಿದ, ವೈರು ಬದಲಿಸಿದ, ಬುರುಡೆ ಮುಚ್ಚಿದ. ಸ್ಕ್ರೂ ಒಂದು ಬೆಂಚಿನ ಕೆಳಗೆ ಉರುಳಿ ಹೋಯಿತು. ಹೊಟ್ಟೆ ನೆಲಕ್ಕೆ ಹಚ್ಚಿ ಅದನ್ನು ಹುಡುಕುವಾಗ ತಲೆ ಬೆಂಚಿಗೆ ಬಡಿಯಿತು. ಅವನ ಬಾಯಿಂದ ಬಂದ ಮಾತಿಗೆ ಅಮ್ಮ, "ಹಿರಿಯಣ್ಣನಿಗೆ ಹಾಗೆಲ್ಲ ಅನ್ನಬಾರದು," ಅಂದಳು.

ಅದೆಲ್ಲ ಆಗಿ ಬಂಡಿಯನ್ನು ಬೀದಿಗೆ ತಳ್ಳಿ, ತಾನೇ ಹತ್ತಿ, ಬೇಕರಿಯ ತಿರುವಿನವರೆಗೆ ಹೋದ. ಜಿಡ್ಡು ಹೋದ ಮೀಟರು ಮೊದಲಿನ ಹಾಗೆಯೇ ಕಿರುಚಿತು. ಮುಳ್ಳು ಮೊದಲಿನ ಹಾಗೆಯೇ ಕುಣಿಯಿತು. ಎಲ್ಲಿ ಶುರುಮಾಡಿದ್ದನೋ ಅಲ್ಲಿಗೇ ಬಂದು ನಿಂತಿದ್ದ. ಎಂಜಿನ್ ಆರಿಸಿ ಬಂಡಿಯನ್ನು ತಳ್ಳಿಕೊಂಡೇ ಮನೆಗೆ ಬಂದ. ಆ ಶಬ್ದವನ್ನು ಮತ್ತೆ ಕೇಳುವ ಶಕ್ತಿ ಇರಲಿಲ್ಲ.

ಹೆಂಡತಿ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವನನ್ನು ನೋಡಿ ಕ್ಲಿಪ್ಪನ್ನು ಬಾಯಿಂದ ತೆಗೆದಳು.

"ಒಂದು ಮಾತು ಕೇಳ್ಲಾ? ಸಿಟ್ಟು ಮಾಡ್ಕೋಬಾರದು."

"ಕೇಳು."

"ಅಂಗಡೀಲಿ ನಿಮ್ಮ ಕೈ ತಪ್ಪಿದ್ದನ್ನ ಯಾರೂ ಕಂಡಿಲ್ಲ. ಈ ಬಂಡಿ ಹತ್ತಿರ ಬಂದ ಕೂಡಲೇ ಎಲ್ಲ ತಪ್ಪುತ್ತೆ. ಬೇಕಂತ್ಲೇ ಮಾಡ್ತಿಲ್ಲ ತಾನೆ?"

ಅವನ ಪಿತ್ತ ನೆತ್ತಿಗೇರಿತು. "ಬೇಕಂತ್ಲೇ? ಮೊಣಕೈವರೆಗೆ ಗ್ರೀಸು ಮಾಡ್ಕೊಂಡು, ರಜೆ ಹಾಕಿ, ತಲೆ ಒಡ್ಕೊಂಡು, ಬೇಕಂತ್ಲೇ ಮಾಡ್ತೀನಾ?"

"ಸಿಟ್ಟು ಮಾಡ್ಕೋಬಾರದು ಅಂತ ಮೊದ್ಲೇ ಹೇಳಿದ್ದೆ," ಎಂದು ಅವಳು ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು ಒಳಗೆ ಹೋದಳು.

ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಯಾಕೆಂದರೆ ಅಮ್ಮ ಬಂಡಿ ಓಡಿಸುವುದು ಅವನಿಗೆ ಬೇಡವಾಗಿತ್ತು. ಹೋದ ತಿಂಗಳು ಅವಳು ಉದ್ದ ತೋಳಿನ ರವಿಕೆ ತೊಟ್ಟು ಓಡಾಡಿದ್ದಳು, ಸೆಕೆಯಲ್ಲಿ. ಕಾಲಿಡುವ ಪೆಡಲಿನ ರಬ್ಬರು ಒಂದು ಬದಿಗೆ ಹೊಸದಾಗಿ ತರಚಿತ್ತು. ಅವನು ನೋಡಿದ್ದ, ಕೇಳಿರಲಿಲ್ಲ. ಕೇಳಿದರೆ ಅವಳು ಬೇರೇನೋ ಹೇಳುತ್ತಾಳೆ, ತಾನು ನಂಬಿದಂತೆ ನಟಿಸಬೇಕಾಗುತ್ತದೆ ಎಂದು ಸುಮ್ಮನಿದ್ದ. ಬೇಡ ಎಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ. ಬಾಯಿ ಹೇಳದ್ದನ್ನು ಕೈ ಹೇಳುತ್ತಿದೆಯೇನೋ? ಅದು ಸಾಧ್ಯವೇ? ತನ್ನ ಕೈಗಳನ್ನು ಬೇರೆಯವರ ಕೈಗಳಂತೆ ನೋಡಿಕೊಂಡ.

ಶುಕ್ರವಾರ ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದು ಕೇಬಲ್ಲನ್ನು ಪೂರ್ತಿ ಹೊರತೆಗೆದ. ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು, ಅಂಗಡಿಯಿಂದ ತಂದ ಭೂತಗನ್ನಡಿಯಲ್ಲಿ ತುದಿಯನ್ನು ನೋಡಿದ. ಚೌಕದ ಮೊಳೆಯ ಬದಿಗಳು ಹೊಸದರಂತೆ ಮಬ್ಬಾಗಿದ್ದವು. ತುದಿಯ ತಲೆ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂದರೆ ಅದು ತೂತಿನ ತಳಕ್ಕೆ ಒತ್ತಿಕೊಂಡು ಉಜ್ಜುತ್ತಿತ್ತು.

ತಂತಿ ಉದ್ದವಾಗಿತ್ತು.

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಅಳತೆ ತಪ್ಪಿರಲಿಲ್ಲ. ಅಳತೆ ಸರಿಯಾಗಿಯೇ ಇತ್ತು. ಕತ್ತರಿಸುವಾಗ ಒಂದು ಚೂರು ಹೆಚ್ಚಿಗೆ ಬಿಟ್ಟಿದ್ದ. ಗಾಜಿನ ಕೆಲಸದಲ್ಲಿ ಯಾವಾಗಲೂ ಹಾಗೆಯೇ. ಹೆಚ್ಚಿದ್ದರೆ ಇನ್ನೊಮ್ಮೆ ಉಜ್ಜಬಹುದು, ಕಮ್ಮಿಯಾದರೆ ಗಾಜನ್ನು ಬೆಳೆಸಲಾಗದು. ಕೈ ತನ್ನಷ್ಟಕ್ಕೆ ಆ ಚೂರನ್ನು ಬಿಟ್ಟಿತ್ತು, ಆಮೇಲೆ ಮರೆತಿತ್ತು. ಬಿಗಿದಾಗ ಆ ಹೆಚ್ಚಿನ ಚೂರು ಮೀಟರಿನ ಹೊಟ್ಟೆಗೆ ಗುದ್ದುತ್ತಿತ್ತು. ಇಷ್ಟು ದಿನದ ಕಿರುಚಾಟ, ಗ್ರೀಸು, ಸ್ಪಿರಿಟ್ಟು, ತಲೆಯ ಬುಗುಟು ಎಲ್ಲ ಒಂದು ಅಕ್ಕಿಕಾಳಿನಷ್ಟು ಹೆದರಿಕೆಯಿಂದ.

ಇಕ್ಕಳ ಕೈಗೆತ್ತಿಕೊಂಡ. ಮೊಳೆ ಬಿಡಿಸಿ, ಅಕ್ಕಿಕಾಳಿನಷ್ಟು ಕತ್ತರಿಸಿ, ಮತ್ತೆ ಬೆಸೆದರೆ ಆಯಿತು. ಜಾಸ್ತಿ ಕತ್ತರಿಸಿದರೆ ಮುಳ್ಳು ಏಳುವುದೇ ಇಲ್ಲ, ಇನ್ನೊಂದು ಕೇಬಲ್ಲು ನಾಳೆಯೊಳಗೆ ಆ ಸಿಕ್ಕುತ್ತೆಗೂ ಸಿಕ್ಕುವುದಿಲ್ಲ. ಇಕ್ಕಳವನ್ನು ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಈಗೇನೂ ಮಾಡದೆ ಬಿಟ್ಟರೆ? ಕಿರುಚುವ ಮೀಟರನ್ನು ಅಧಿಕಾರಿ ಪಾಸು ಮಾಡುವುದಿಲ್ಲ. ನಾನು ನನ್ನ ಕೈಲಾದದ್ದು ಮಾಡಿದೆ ಅಮ್ಮ, ಹಳೇ ಬಂಡಿ, ಏನು ಮಾಡೋದು ಎಂದರೆ ಯಾರೂ ಏನೂ ಅನ್ನುವಂತಿಲ್ಲ. ಹೆಂಡತಿಯನ್ನು ಬಿಟ್ಟು. ಆ ಯೋಚನೆ ಅದೆಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

"ಗೊತ್ತಾಯ್ತಾ ಕಾಯಿಲೆ?" ಅಮ್ಮ ಒಳಗೆ ಬಂದು ಖಾಲಿ ಡಬ್ಬವೊಂದರ ಮೇಲೆ ಕೂತಳು.

"ಗೊತ್ತಾಯ್ತು."

"ಮತ್ತೆ ಇಕ್ಕಳ ಹಿಡ್ಕೊಂಡು ಫೋಟೋಗೆ ಕೂತವನ ಹಾಗೆ ಕೂತಿದ್ದೀಯಲ್ಲ."

ಅವನು ಒಮ್ಮೆಲೇ ಹೇಳಿಬಿಟ್ಟ. "ಅಮ್ಮ, ನೀನು ಬಿದ್ದಿದ್ದೆ."

ಅಮ್ಮ ಸೆರಗಿನ ಅಂಚನ್ನು ಮಡಿಚಿದಳು, ಬಿಡಿಸಿದಳು.

"ಬಿದ್ದೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಂಡಿಗೆ ಬೀಗ ಹಾಕ್ತಿದ್ದೆ."

"ಹಾಕ್ತಿದ್ದೆ! ಹಾಕದೆ ಪೂಜೆ ಮಾಡ್ಬೇಕಿತ್ತಾ? ಈ ವಯಸ್ಸಲ್ಲಿ ತಿರುವಲ್ಲಿ ಬಂಡಿ ಹಿಡಿಯೋಕೆ ಆಗಲ್ಲ ಅಂದ್ರೆ..."

"ತಿರುವಲ್ಲಲ್ಲ," ಅಮ್ಮ ತಡೆದಳು. ಇಷ್ಟು ಹೊತ್ತೂ ಇದ್ದ ತಮಾಷೆ ಅವಳ ದನಿಯಲ್ಲಿರಲಿಲ್ಲ. "ಬಂಡಿ ನಿಲ್ಲಿಸೋವಾಗ. ನಗಬಾರದು ಮತ್ತೆ. ನಾನು ಯಾವಾಗ್ಲೂ ಮುಳ್ಳು ಸೊನ್ನೆಗೆ ಬಂದ ಮೇಲೇನೇ ಕಾಲು ಕೆಳಗಿಡೋದು. ಮೊದಲಿಂದ ಹಾಗೇ. ಕಚೇರೀಲಿ ನಮಗೆ ಕಲಿಸಿದ್ದೇ ಅದು. ನಲ್ಲೀಲಿ ನೀರು ಹರೀತಿರೋದು ಕಣ್ಣಿಗೆ ಕಾಣ್ಲಿ, ಮೀಟರ್ ಸೊನ್ನೆ ಅಂದ್ರೆ ಸೊನ್ನೆ ಬರೀಬೇಕು. ಕಣ್ಣನ್ನಲ್ಲ, ಮುಳ್ಳನ್ನ ನಂಬು ಅಂತ. ಅವತ್ತು ಸಿಗ್ನಲ್ ಹತ್ತಿರ ಬರ್ತಿದ್ದೆ, ನೋಡ್ತೀನಿ, ಸೊನ್ನೆ. ನಿಂತಿದ್ದೀನಿ ಅಂದ್ಕೊಂಡು ಕಾಲಿಟ್ಟೆ. ಬಂಡಿ ಇನ್ನೂ ಓಡ್ತಿತ್ತು. ಮೀಟರ್ ಆಗ್ಲೇ ಸತ್ತಿತ್ತು."

ಅವನಿಗೆ ನಗು ಬರಲಿಲ್ಲ. ಮರಗಳು, ಅಂಗಡಿಗಳು ಪಕ್ಕದಲ್ಲಿ ಹಿಂದೆ ಸರಿಯುತ್ತಿರುವಾಗಲೇ, ಒಂದು ಮುಳ್ಳು ಹೇಳಿತೆಂದು ನಿಂತಿದ್ದೇನೆ ಎಂದು ನಂಬಿದ ಹೆಂಗಸು ಅವನ ಮುಂದೆ ಡಬ್ಬದ ಮೇಲೆ ಕೂತಿದ್ದಳು. ಬೇರೆ ಯಾರು ತಾನೇ ಹಾಗೆ ಬಿದ್ದಾರು!

"ಮುಳ್ಳು ನೋಡ್ದೆ ನಿಲ್ಲಿಸೋದು ಕಲಿ ಅಮ್ಮ," ಅಂದ.

"ಕಲೀತಿದ್ದೀನಿ. ಈ ತಿಂಗಳೆಲ್ಲ ಬೇಕರಿವರೆಗೆ ತಳ್ಕೊಂಡು ಹೋಗಿ, ಅಲ್ಲಿಂದ ಓಡಿಸಿ ಬ್ರೇಕ್ ಹಿಡಿದು ನೋಡ್ತಿದ್ದೀನಿ, ನೀನು ಅಂಗಡಿಗೆ ಹೋದ್ಮೇಲೆ. ಆದ್ರೆ ಹಳೇ ಕಣ್ಣು, ಹೋಗಿ ಮುಳ್ಳಿನ ಮೇಲೇ ಕೂರುತ್ತೆ. ಆಮೇಲೆ ಅದು ಕುಣೀತಿರುತ್ತೆ, ನಿನ್ನ ಈ ಹೊಸ ಮೀಟರು." ಅವಳು ಎದ್ದಳು. "ನೀನು ಸರಿಮಾಡಿದ್ರೂ ಓಡಿಸ್ತೀನಿ, ಮಾಡದಿದ್ರೂ ಓಡಿಸ್ತೀನಿ. ಪರವಾನಗಿ ಇಲ್ದಿದ್ರೆ ಹಿಂದಿನ ಓಣಿಗಳಲ್ಲಿ ಓಡಿಸ್ತೀನಿ. ಓಣಿಗಳು ನನಗೆ ಗೊತ್ತು, ನಿನಗಲ್ಲ."

ಅವಳು ಹೋದ ಮೇಲೆ ಅವನು ಬಹಳ ಹೊತ್ತು ಬೈದುಕೊಂಡ. ಅವಳನ್ನು, ಕಚೇರಿಯನ್ನು, ಸಿಕ್ಕುತ್ತೆಯನ್ನು, ತನ್ನನ್ನು. ಆಮೇಲೆ ಮೊಳೆಯನ್ನು ಕಾಯಿಸಿ ಬಿಡಿಸಿದ. ತಂತಿಯನ್ನು ಇಕ್ಕಳದ ಬಾಯಿಗಿಟ್ಟ. ಕೈ ಅಭ್ಯಾಸದಂತೆ ಕೊಂಚ ಆಚೆಗೆ ಸರಿಯಿತು. ಅದನ್ನು ಹಿಡಿದು ಗುರುತಿನ ಮೇಲೇ ತಂದು ನಿಲ್ಲಿಸಿ ಒತ್ತಿದ. ತಂತಿಯ ಚೂರು ಸಿಡಿದು ಎಲ್ಲೋ ಹೋಯಿತು.

ಶನಿವಾರ ಬೆಳಗ್ಗೆ ತಪಾಸಣೆಯ ಮೈದಾನದಲ್ಲಿ ಬಂಡಿಗಳ ಸಾಲು. ಅಧಿಕಾರಿ ತಲೆಗೆ ಟವೆಲ್ ಸುತ್ತಿದ್ದ, ಬಿಸಿಲಿಗೆ. ಬ್ರೇಕು ನೋಡಿದ, ದೀಪ ನೋಡಿದ, ಹಾರ್ನು ಒತ್ತಿ ತಾನೇ ಬೆಚ್ಚಿದ. ಆಮೇಲೆ ಅಮ್ಮನಿಗೆ, ಮೈದಾನ ಒಂದು ಸುತ್ತು ಬನ್ನಿ ಎಂದ. ಅಮ್ಮ ಒದ್ದು ಶುರುಮಾಡಿದಳು, ಹೊರಟಳು. ಅವನು ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಕಿರುಚಾಟಕ್ಕೆ ಕಿವಿಗೊಟ್ಟಿದ್ದ, ಕೇಳಿಸಿದ್ದು ಎಂಜಿನ್ನಿನ ಗುಡುಗುಡು ಮಾತ್ರ. ಅಮ್ಮ ಮರಳಿ ಬಂದು ಅಧಿಕಾರಿಯ ಮುಂದೆ ನಿಲ್ಲಿಸಿದಳು. ಮೊದಲು ಅಧಿಕಾರಿಯ ಬೂಟು ನೋಡಿದಳು, ನೆಲ ನೋಡಿದಳು. ಆಮೇಲೆ ಮುಳ್ಳು. ಆಮೇಲೆ ಕಾಲು ಕೆಳಗಿಟ್ಟಳು.

"ಮೀಟರ್ ಓಡ್ತಿದೆ ತಾನೆ?" ಅಧಿಕಾರಿ ಮುದ್ರೆಯನ್ನು ಕೈಗೆತ್ತಿಕೊಂಡಿದ್ದ.

"ಓಡ್ತಿದೆ," ಅಂದಳು ಅಮ್ಮ. "ಆದ್ರೆ ಸುಳ್ಳು ಹೇಳ್ತಿದೆ."

ಬೇಲಿಯ ಈಚೆ ಅವನು ತಂತಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಅಯ್ಯೋ, ಈಗಲೇ ಹೇಳಬೇಕಿತ್ತೇ!

"ಏನು ಸುಳ್ಳು?"

"ಜಾಸ್ತಿ ತೋರಿಸುತ್ತೆ. ಮೂವತ್ತರ ಓಟಕ್ಕೆ ಮೂವತ್ತೈದು ಅನ್ನುತ್ತೆ. ಬೇರೆ ಕಂಪನಿ ಮೀಟರು, ಚಕ್ರಕ್ಕೂ ಅದಕ್ಕೂ ಹೊಂದಿಕೆ ಇಲ್ಲ. ಮೀಟರ್ ವಿಷಯ ನನಗೆ ಗೊತ್ತು ಸ್ವಾಮಿ, ಬದುಕೆಲ್ಲ ಅದನ್ನೇ ಓದಿದ್ದು."

ಅಧಿಕಾರಿ ಟವೆಲಿನ ತುದಿಯಿಂದ ಕುತ್ತಿಗೆ ಒರೆಸಿಕೊಂಡ. ಬೇಲಿಯ ಹಿಂದೆ ಬಿಳಿಚಿಕೊಂಡಿದ್ದ ಮಗನನ್ನು ನೋಡಿದ. "ಜಾಸ್ತಿ ತೋರಿಸಿದ್ರೆ ಅಡ್ಡಿ ಇಲ್ಲಮ್ಮ. ಕಮ್ಮಿ ತೋರಿಸಬಾರದು ಅಷ್ಟೆ. ನಿಮ್ಮಂಥವರಿಗೆ ಜಾಸ್ತಿ ತೋರಿಸೋದೇ ವಾಸಿ," ಎಂದು ಮುದ್ರೆ ಒತ್ತಿದ.

ಗೇಟಿನ ಹೊರಗೆ ಅವನು ತಡೆದಿಟ್ಟುಕೊಂಡದ್ದೆಲ್ಲ ಹೊರಬಂತು. "ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ನಿನಗೆ? ಮುದ್ರೆ ಕೈಯಲ್ಲಿ ಹಿಡ್ಕೊಂಡಿದ್ದ! ನಾನಿಲ್ಲಿ ಸಾಯ್ತಿದ್ದೆ!"

"ತಪ್ಪು ಓದಿದ್ದನ್ನ ಸರಿ ಅನ್ನಲಾ?" ಅಮ್ಮ ಹೆಲ್ಮೆಟ್ಟಿನ ಪಟ್ಟಿ ಬಿಗಿದಳು. "ಮುಂದಿನ ವಾರ ಅದನ್ನ ಸರಿಮಾಡು."

"ಮಾಡಲ್ಲ. ಇನ್ನು ಆ ಮೀಟರ್ ಮುಟ್ಟಲ್ಲ ನಾನು. ಐದು ಜಾಸ್ತಿ ತೋರಿಸ್ಲಿ, ಹತ್ತು ಜಾಸ್ತಿ ತೋರಿಸ್ಲಿ."

"ಸರಿ, ಕೂತ್ಕೋ ಹಿಂದೆ."

"ನಾನು ಬಸ್ಸಿಗೆ ಬರ್ತೀನಿ."

"ಕೂತ್ಕೋ ಅಂದೆ. ನೀನು ಮುಳ್ಳು ನೋಡು. ನಾನು ರಸ್ತೆ ನೋಡ್ತೀನಿ."

ಅವನು ಗೊಣಗುತ್ತಲೇ ಹತ್ತಿದ. ಸಲಕರಣೆಯ ಚೀಲ ಮಡಿಲಲ್ಲಿ, ಗದ್ದ ಅಮ್ಮನ ಭುಜದ ಮೇಲೆ. ಮುಳ್ಳು ನಡುಗದೆ ಮೇಲೇರಿತು. ಇಪ್ಪತ್ತು, ಇಪ್ಪತ್ತೈದು, ಮೂವತ್ತು. ದೊಡ್ಡ ರಸ್ತೆಯಲ್ಲಿ ಲಾರಿಯೊಂದು ಪಕ್ಕದಲ್ಲೇ ಹಾದುಹೋದಾಗ ಕಣ್ಣು ಮುಚ್ಚಿದ. ತೆರೆದಾಗ ಮುಂದೆ ಸಿಗ್ನಲ್ಲು ಕೆಂಪಾಗುತ್ತಿತ್ತು. ಅಮ್ಮ ಬ್ರೇಕ್ ಒತ್ತಿದಳು. ಮುಳ್ಳು ಇಳಿಯತೊಡಗಿತು. ಅವಳ ತಲೆ ಬಗ್ಗಲಿಲ್ಲ.

ಬಂಡಿ ನಿಂತಿತು. ಅಮ್ಮನ ಕಾಲು ನೆಲಕ್ಕೆ ಬಂತು.

"ಸೊನ್ನೆ," ಅಂದ ಅವನು.

"ಗೊತ್ತು. ನಿನ್ನ ಕಾಲು ಎತ್ತು ಮೇಲಕ್ಕೆ. ಬ್ರೇಕ್ ಒತ್ತಿದಾಗಿಂದ ನೆಲಕ್ಕೆ ಎಳ್ಕೊಂಡು ಬಂದಿದ್ದೀಯ, ಚಪ್ಪಲಿ ಸವೆಯುತ್ತೆ."

ಕೆಳಗೆ ನೋಡಿದ. ಅವನ ಎರಡೂ ಕಾಲು ನೆಲದ ಮೇಲಿದ್ದವು. ಯಾವಾಗ ಇಳಿಸಿದ್ದನೋ ಅವನಿಗೇ ತಿಳಿಯದು. ಸಿಗ್ನಲ್ಲು ಹಸಿರಾಗುವವರೆಗೂ ಅವನು ಅವನ್ನು ಎತ್ತಲಿಲ್ಲ. ಹಿಂದಿನ ಕಾರಿನವನು ಹಾರ್ನು ಹೊಡೆದ ಮೇಲೆ, ಒಂದೊಂದಾಗಿ ಎತ್ತಿದ.